ಆಫೀಸ್ ಒಳಗಿನ ಮೇಲ್ ಸರ್ವರ್‌ಗೆ ಯಾವ ಹೋಸ್ಟ್‌ನೇಮ್ ಕೊಡಬೇಕು? ಮೂರು ದಿನದಿಂದ ಒದ್ದಾಡ್ತಿದ್ದೀನಿ

ಮೂಲೆಸರ್ವರ್ · ಸೋಮವಾರ, 10:14

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಸುಮಾರು 40 ಕಂಪ್ಯೂಟರ್, ಮೂರು ಸ್ಕ್ಯಾನರ್, ಒಂದು ಬ್ಯಾಕಪ್ ಡಬ್ಬ, ಒಂದು ಯುಪಿಎಸ್ ಇದೆ. ಸ್ಕ್ಯಾನ್ ಮಾಡಿದ ಕಾಗದ, ರಾತ್ರಿಯ ಬ್ಯಾಕಪ್ ವರದಿ, ಕರೆಂಟ್ ಹೋದಾಗ ಯುಪಿಎಸ್ ಕಳಿಸೋ ಎಚ್ಚರಿಕೆ ಎಲ್ಲಾ ಮೇಲ್‌ನಲ್ಲಿ ಬರಲಿ ಅಂತ ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸೋ, ತಗೊಳ್ಳೋ ಸಾಫ್ಟ್‌ವೇರ್), ಡವ್‌ಕಾಟ್ (ಬಂದ ಮೇಲ್ ಓದೋಕೆ ಕೊಡೋದು) ಹಾಕಿದೆ. ಮಷಿನ್ ಹೆಸರು (ಹೋಸ್ಟ್‌ನೇಮ್) ಬರೀ "ಅಂಚೆ", ಐಪಿ 192.168.10.5. ಕಂಪನಿಯ ಮುಖ್ಯ ಮೇಲ್ ಹೊರಗಡೆ ಹೋಸ್ಟಿಂಗ್‌ನಲ್ಲಿದೆ, ಅದನ್ನ ನಾನು ಮುಟ್ಟೋ ಹಾಗಿಲ್ಲ. ನಮ್ಮ ನಿಜವಾದ ಡೊಮೇನ್ ಬದಲು ಎಕ್ಸಾಂಪಲ್.ಕಾಮ್ ಅಂತ ಬರೀತೀನಿ.

ಒಳಗಿಂದ ಒಳಗೆ ಮೇಲ್ ಚೆನ್ನಾಗಿ ಹೋಗ್ತಿತ್ತು. ಯುಪಿಎಸ್ ಎಚ್ಚರಿಕೆ ಮಾತ್ರ ಹೊರಗಿನ ರಿಲೇ (ನಮ್ಮ ಮೇಲನ್ನ ಮುಂದಕ್ಕೆ ದಾಟಿಸೋ ಸರ್ವರ್) ಮೂಲಕ ಮ್ಯಾನೇಜರ್ ಫೋನಿಗೂ ಹೋಗಬೇಕು. ಅಲ್ಲಿ 504 ಅನ್ನೋ ತಪ್ಪಿನ ಸಂದೇಶ ಬಂತು: "ಹೆಲೋ ಕಮಾಂಡ್ ರಿಜೆಕ್ಟೆಡ್, ನೀಡ್ ಫುಲಿ ಕ್ವಾಲಿಫೈಡ್ ಹೋಸ್ಟ್‌ನೇಮ್". ಪೂರ್ತಿ ಹೆಸರು ಬೇಕು ಅಂತಿದೆ ಅಂತ ಅರ್ಥ ಮಾಡ್ಕೊಂಡು "ಅಂಚೆ.ಕಚೇರಿ.ಲೋಕಲ್" ಅಂತ ಬದಲಾಯಿಸಿದೆ. ಈಗ ರಿಲೇ 450 ಕೊಡ್ತಿದೆ, "ಹೋಸ್ಟ್ ನಾಟ್ ಫೌಂಡ್" ಅಂತ. ಅದೂ ಸಾಲದು ಅಂತ ಲಿನಕ್ಸ್ ಲ್ಯಾಪ್‌ಟಾಪ್‌ಗಳಿಗೆ ಸರ್ವರ್ರೇ ಸಿಗ್ತಿಲ್ಲ, ಬೇರೆ ಕೆಲವು ಮಷಿನ್‌ಗಳಿಗೆ ಸಿಗುತ್ತೆ. ಒಂದು ಹೆಸರು ಬದಲಾಯಿಸಿದ್ದಕ್ಕೆ ಇಷ್ಟೆಲ್ಲಾ ಯಾಕೆ ಕೆಡುತ್ತೆ? ಸರಿಯಾದ ಹೆಸರು ಅಂದ್ರೆ ಯಾವುದು?

ರಾತ್ರಿಪಾಳಿ · 10:21

ಪೋಸ್ಟ್‌ಕಾನ್ಫ್ -ಎನ್ (ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳು), ಹೋಸ್ಟ್‌ನೇಮ್ -ಎಫ್ (ಮಷಿನ್‌ನ ಪೂರ್ತಿ ಹೆಸರು), /ಇಟಿಸಿ/ಹೋಸ್ಟ್ಸ್ (ಯಾವ ಐಪಿಗೆ ಯಾವ ಹೆಸರು ಅನ್ನೋ ಫೈಲ್). ಈ ಮೂರನ್ನೂ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಮೂಲೆಸರ್ವರ್ · 10:40

ಪೋಸ್ಟ್‌ಕಾನ್ಫ್‌ನಲ್ಲಿ ಮುಖ್ಯವಾದ ಸಾಲುಗಳು ಇವು:

ಮೈಹೋಸ್ಟ್‌ನೇಮ್ = ಅಂಚೆ.ಕಚೇರಿ.ಲೋಕಲ್
ಮೈಆರಿಜಿನ್ = /ಇಟಿಸಿ/ಮೇಲ್‌ನೇಮ್
ಮೈಡೆಸ್ಟಿನೇಶನ್ = ಅಂಚೆ, ಅಂಚೆ.ಕಚೇರಿ.ಲೋಕಲ್, ಎಕ್ಸಾಂಪಲ್.ಕಾಮ್, ಲೋಕಲ್‌ಹೋಸ್ಟ್

ಹೋಸ್ಟ್‌ನೇಮ್ -ಎಫ್ ಕೊಟ್ರೆ ಬರೀ "ಅಂಚೆ" ಅಂತ ಬರುತ್ತೆ. ಹೋಸ್ಟ್ಸ್ ಫೈಲ್‌ನಲ್ಲಿ ಹೀಗಿದೆ:

127.0.1.1 ಅಂಚೆ ಅಂಚೆ.ಕಚೇರಿ.ಲೋಕಲ್

ಹಳೆಟರ್ಮಿನಲ್ · 11:02

ಮೊದಲ ತಪ್ಪು ಆ ಹೋಸ್ಟ್ಸ್ ಸಾಲಿನಲ್ಲೇ ಇದೆ ಸ್ವಾಮಿ. ಐಪಿ ಆದ ಮೇಲೆ ಮೊದಲು ಬರೋದು ಅಧಿಕೃತ ಹೆಸರು, ಅದರ ಹಿಂದೆ ಬರೋದೆಲ್ಲ ಅಡ್ಡಹೆಸರು. ನೀವು ಗಿಡ್ಡ ಹೆಸರನ್ನ ಮುಂದೆ ಇಟ್ಟಿದ್ದೀರಿ, ಹಾಗಾಗಿ ಸಿಸ್ಟಮ್ "ನನ್ನ ಪೂರ್ತಿ ಹೆಸರೇ ಅಂಚೆ" ಅಂತ ತಿಳ್ಕೊಂಡಿದೆ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಹಾಕುವಾಗಲೇ ಆ ಹೆಸರು ಮೇನ್.ಸಿಎಫ್ ಅನ್ನೋ ಸೆಟ್ಟಿಂಗ್ ಫೈಲ್‌ಗೆ ಹೋಗಿ ಕೂತಿರುತ್ತೆ. ನಿಮಗೆ ಬಂದ 504ಕ್ಕೆ ಮೂಲ ಅದು. ಎರಡನ್ನೂ ಹಿಂದುಮುಂದು ಮಾಡಿ.

ಹಳೇ ಮೇಲ್ ಸಾಫ್ಟ್‌ವೇರ್ ಸೆಂಡ್‌ಮೇಲ್ ಕಾಲದಲ್ಲಿ ಇದೇ ತಪ್ಪನ್ನ ನಾನೂ ಮಾಡಿದ್ದೆ. ಸರ್ವರ್ ಬೂಟ್ ಆಗುವಾಗ ಒಂದು ಕಡೆ ಬಂದು ನಿಂತುಬಿಡೋದು. "ಮೈ ಅನ್‌ಕ್ವಾಲಿಫೈಡ್ ಹೋಸ್ಟ್ ನೇಮ್ ಅನ್‌ನೋನ್, ಸ್ಲೀಪಿಂಗ್ ಫಾರ್ ರಿಟ್ರೈ" ಅಂತ ಬರೆದು ಪೂರ್ತಿ ಒಂದು ನಿಮಿಷ ಸುಮ್ಮನೆ ಕೂರೋದು. ಡಿಸ್ಕ್ ಹೋಯ್ತೇನೋ ಅಂತ ಎರಡು ಸಲ ಡಿಸ್ಕ್ ಪರೀಕ್ಷೆ ಮಾಡಿಸಿದ್ದೆ. ಕೊನೆಗೆ ನೋಡಿದ್ರೆ ಹೋಸ್ಟ್ಸ್ ಫೈಲ್‌ನಲ್ಲಿ ಎರಡು ಪದ ಅದಲುಬದಲು.

ತಂತಿಜಾಲ · 11:30

ಹೋಸ್ಟ್ಸ್ ಸಾಲು ಸರಿ ಮಾಡಿದ್ರೂ ನಿಮ್ಮ ಕಥೆ ಮುಗಿಯೋದಿಲ್ಲ ಮಾರಾಯ್ರೆ. ಇಲ್ಲಿ ಹೆಸರು ಒಂದಲ್ಲ, ಮೂರು. ಅದನ್ನ ಒಂದೇ ಅಂತ ತಿಳ್ಕೊಂಡದ್ದೇ ತೊಂದರೆ.

ಮಷಿನ್‌ನ ಸ್ವಂತ ಹೆಸರು ಮೊದಲನೇದು, ಅದು ಮೈಹೋಸ್ಟ್‌ನೇಮ್. ಲಾಗ್‌ನಲ್ಲಿ, 220 ಸ್ವಾಗತ ಸಾಲಿನಲ್ಲಿ, ರಿಸೀವ್ಡ್ ಹೆಡರ್‌ನಲ್ಲಿ ಕಾಣೋದು ಇದೇ. ಇನ್ನೊಂದು, ಯಾರ ಪರವಾಗಿ ಮೇಲ್ ಇಟ್ಕೊಳ್ತೀರಿ ಅನ್ನೋದು. ಅಂದ್ರೆ "@" ಬಲಗಡೆ ಬರೋ ಡೊಮೇನ್. ಅದಕ್ಕೆ ಮೈಡೆಸ್ಟಿನೇಶನ್, ಮೈಆರಿಜಿನ್ ಇರೋದು. ಆಮೇಲೆ ಹೊರಗಿನ ಸರ್ವರ್ ಬಾಗಿಲು ತಟ್ಟಿದಾಗ ಹೇಳ್ಕೊಳ್ಳೋ ಹೆಸರು, ಅದು ಎಸ್‌ಎಂಟಿಪಿ_ಹೆಲೋ_ನೇಮ್. ಅದನ್ನ ನೀವು ಬರೆಯದೇ ಇದ್ರೆ ಮೈಹೋಸ್ಟ್‌ನೇಮನ್ನೇ ತಗೊಳ್ತದೆ. ಮೂರೂ ಒಂದೇ ಇರಬೇಕು ಅಂತ ಎಲ್ಲಿಯೂ ನಿಯಮ ಇಲ್ಲ.

ನಿಮ್ಮ ರಿಲೇ ಎರಡು ಪರೀಕ್ಷೆ ಮಾಡ್ತಾ ಇದೆ. ಹೆಸರಿನಲ್ಲಿ ಚುಕ್ಕೆ ಉಂಟಾ ಅಂತ ಒಂದು, ಅದಕ್ಕೆ 504 ಬಂತು. ಆ ಹೆಸರಿಗೆ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಎ (ಐಪಿ ಹೇಳುವ) ಅಥವಾ ಎಂಎಕ್ಸ್ (ಮೇಲ್ ಸರ್ವರ್ ಹೇಳುವ) ದಾಖಲೆ ಉಂಟಾ ಅಂತ ಇನ್ನೊಂದು, ಅದಕ್ಕೆ 450. ಹೊರಗಿನ ಪ್ರಪಂಚದ ಡಿಎನ್‌ಎಸ್‌ನಲ್ಲಿ "ಕಚೇರಿ.ಲೋಕಲ್" ಯಾವತ್ತೂ ಇರೋದಿಲ್ಲ. ಹಾಗಾಗಿ ಹೆಲೋಗೆ ಸಾರ್ವಜನಿಕವಾಗಿ ಸಿಗುವ ಒಂದು ಹೆಸರು ಕೊಡಿ. ಆಫೀಸ್‌ನ ಹೊರಗಿನ ಸ್ಥಿರ ಐಪಿಗೆ ಆಫೀಸ್.ಎಕ್ಸಾಂಪಲ್.ಕಾಮ್ ಅಂತ ಒಂದು ಎ ದಾಖಲೆ ಮಾಡಿಸಿದ್ರೆ ಸಾಕು.

ಇನ್ನೊಂದು, ಇದು ಅರ್ಜೆಂಟ್: ಮೈಡೆಸ್ಟಿನೇಶನ್‌ನಲ್ಲಿ ಎಕ್ಸಾಂಪಲ್.ಕಾಮ್ ಯಾಕೆ ಉಂಟು? ಈಗಲೇ ತೆಗೀರಿ. ಕಂಪನಿಯ ಮೇಲ್ ಹೊರಗೆ ಇದೆ ಅಂತ ನೀವೇ ಹೇಳಿದ್ರಿ. ಆ ಸಾಲು ಇರುವ ತನಕ ನಿಮ್ಮ ಸರ್ವರ್ "ಎಕ್ಸಾಂಪಲ್.ಕಾಮ್ ಅಂದ್ರೆ ನಾನೇ" ಅಂತ ತಿಳ್ಕೊಂಡು, ಸಹೋದ್ಯೋಗಿಗಳಿಗೆ ಹೋಗಬೇಕಾದ ಮೇಲ್‌ನ್ನು ಹೊರಗೆ ಬಿಡೋದೇ ಇಲ್ಲ.

ಮೂಲೆಸರ್ವರ್ · 11:41

ಅಯ್ಯೋ. ಅಕೌಂಟ್ಸ್‌ನವರಿಗೆ ಸ್ಕ್ಯಾನ್ ಕಳಿಸಿದ್ರೆ "ಯೂಸರ್ ಅನ್‌ನೋನ್ ಇನ್ ಲೋಕಲ್ ರೆಸಿಪಿಯೆಂಟ್ ಟೇಬಲ್" ಅಂತ ವಾಪಸ್ ಬರ್ತಿದ್ದದ್ದು ಇದಕ್ಕೇನಾ? ಅವರ ಮೇಲ್‌ಬಾಕ್ಸ್‌ನಲ್ಲೇ ಏನೋ ತೊಂದರೆ ಇದೆ ಅಂತ ಅವರಿಗೇ ಹೇಳಿದ್ದೆ. ತೆಗೆದೆ ಈಗ.

ತಂತಿಜಾಲ · 11:43

ಅದಕ್ಕೇ. ಅವರಿಗೆ ಒಂದು ಮಾತು ಹೇಳಿಬಿಡಿ.

ಎರಡನೇಸಾಲು · 12:15

ಲಿನಕ್ಸ್ ಲ್ಯಾಪ್‌ಟಾಪ್‌ಗಳ ಗುಟ್ಟು ನಾನು ಹೇಳ್ತೀನಿ. .ಲೋಕಲ್ ನಿಮ್ಮದಲ್ಲ. ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು, 2013ರ ಆರ್‌ಎಫ್‌ಸಿ 6762 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಲ್ಯಾಪ್‌ಟಾಪ್‌ನಲ್ಲಿ ಹೆಸರು ಹುಡುಕೋ ಕ್ರಮ ಬರೆದಿರೋ ಎನ್‌ಎಸ್‌ಸ್ವಿಚ್.ಕಾನ್ಫ್ ತೆಗೆದು "ಹೋಸ್ಟ್ಸ್" ಸಾಲು ನೋಡಿ. ಫೈಲ್ಸ್, ಆಮೇಲೆ ಎಂಡಿಎನ್‌ಎಸ್4_ಮಿನಿಮಲ್, ಅದರ ಪಕ್ಕ "ನಾಟ್‌ಫೌಂಡ್ ಅಂದ್ರೆ ವಾಪಸ್ ಬಾ" ಅನ್ನೋ ಸೂಚನೆ, ಕೊನೆಗೆ ಡಿಎನ್‌ಎಸ್ ಇರುತ್ತೆ. ಹೆಸರು .ಲೋಕಲ್‌ನಲ್ಲಿ ಮುಗಿದ್ರೆ ಲ್ಯಾಪ್‌ಟಾಪ್ ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುತ್ತೆ, ಯಾರೂ ಓಗೊಡದಿದ್ರೆ ಅಲ್ಲಿಗೇ ನಿಲ್ಲಿಸಿಬಿಡುತ್ತೆ. ನಿಮ್ಮ ರೂಟರ್‌ನ ಡಿಎನ್‌ಎಸ್ ತನಕ ಪ್ರಶ್ನೆ ಬರೋದೇ ಇಲ್ಲ. ಆ ಸಾಲು ಇಲ್ಲದ ಮಷಿನ್‌ಗಳು ನೇರವಾಗಿ ಡಿಎನ್‌ಎಸ್ ಕೇಳ್ತವೆ, ಅವಕ್ಕೆ ಸಿಗುತ್ತೆ.

ಬಾಲಂಗೋಚಿ · 12:33

ನಾ 12 ವರ್ಷದಿಂದ .ಲೋಕಲ್ ಇಟ್ಟೇನ್ರಿ, ಏನೂ ಆಗಿಲ್ಲ. ಎಲ್ಲಾ ಮಷಿನ್ನಿನ ಹೋಸ್ಟ್ಸ್ ಫೈಲಿಗೆ ಒಂದೊಂದು ಸಾಲು ಹಾಕಿದ್ರ ಮುಗೀತು. ಫೈಲ್ಸ್ ಮೊದಲು ಬರ್ತದಲ್ಲ, ಮಲ್ಟಿಕಾಸ್ಟ್ ತನಕ ಹೋಗೋದೇ ಇಲ್ಲ. ಸಣ್ಣ ಆಫೀಸಿಗೆ ಡಿಎನ್‌ಎಸ್ ಸರ್ವರ್ ಅಂತ ದೊಡ್ಡ ಕೆಲಸ ಯಾಕ ಹಚ್ಚತೀರಿ?

ಎರಡನೇಸಾಲು · 12:38

ಸ್ಕ್ಯಾನರ್‌ಗೆ ಹೋಸ್ಟ್ಸ್ ಫೈಲ್ ಎಲ್ಲಿಂದ ತರ್ತೀರಿ? ಯುಪಿಎಸ್ ಕಾರ್ಡ್‌ಗೆ? ಫೋನ್‌ಗೆ?

ಬಾಲಂಗೋಚಿ · 12:44

ಅವಕ್ಕ ಐಪಿ ಕೊಡ್ರಿ. 192.168.10.5 ಎಲ್ಲಿಗೂ ಓಡಿಹೋಗೋದಿಲ್ಲ.

ಎರಡನೇಸಾಲು · 12:51

ಓಡಿಹೋಗುತ್ತೆ. ನಾವು ರೂಟರ್ ಬದಲಾಯಿಸಿದಾಗ 192.168.1 ಇದ್ದದ್ದು 10ರ ಸಾಲಿಗೆ ಹೋಯ್ತು. ಐಪಿ ಬರೆದಿದ್ದ ಪ್ರತಿ ಯಂತ್ರದ ಹತ್ತಿರವೂ ಹೋಗಿ, ಅದರ ಪುಟ್ಟ ಪರದೆಯಲ್ಲಿ ಒಂದೊಂದೇ ಅಂಕಿ ಒತ್ತಬೇಕಾಯ್ತು. ಹೆಸರು ಕೊಟ್ಟಿದ್ದ ಯಂತ್ರಗಳು ತಾವಾಗೇ ಸರಿಹೋದವು. ಅವತ್ತಿನಿಂದ ನಾನು ಎಲ್ಲೂ ಐಪಿ ಬರೆಯೋದಿಲ್ಲ.

ರಾತ್ರಿಪಾಳಿ · 13:20

ಬಾಲಂಗೋಚಿ ಅವರ ಹೋಸ್ಟ್ಸ್ ಉಪಾಯದಲ್ಲಿ ಇನ್ನೊಂದು ಗುಂಡಿ ಇದೆ, ಅದರಲ್ಲಿ ನಾನು ಬಿದ್ದು ಎದ್ದಿದ್ದೀನಿ. ಮೇಲ್ ಕಳಿಸುವಾಗ ಪೋಸ್ಟ್‌ಫಿಕ್ಸ್ ಹೋಸ್ಟ್ಸ್ ಫೈಲನ್ನ ನೋಡೋದೇ ಇಲ್ಲ. ಎಸ್‌ಎಂಟಿಪಿ_ಹೋಸ್ಟ್_ಲುಕಪ್ ಅನ್ನೋದರ ಡೀಫಾಲ್ಟ್ ಬೆಲೆ ಬರೀ "ಡಿಎನ್‌ಎಸ್". ಪಿಂಗ್ ಹೋಗುತ್ತೆ, ಟೆಲ್ನೆಟ್ ಹೋಗುತ್ತೆ, ಮೇಲ್ ಮಾತ್ರ "ನೇಮ್ ಸರ್ವಿಸ್ ಎರರ್" ಅಂತ ಸರದಿಯಲ್ಲಿ ಕೂತಿರುತ್ತೆ. ಹೋಸ್ಟ್ಸ್ ಫೈಲ್ ಬೇಕೇ ಬೇಕು ಅಂದ್ರೆ ಅಲ್ಲಿ "ಡಿಎನ್‌ಎಸ್, ನೇಟಿವ್" ಅಂತ ಬರೀಬೇಕು.

ಬರೆದ ಮೇಲೂ ನನಗೆ ಕೆಲಸ ಮಾಡಲಿಲ್ಲ. ಯಾಕಂದ್ರೆ ಡೆಬಿಯನ್‌ನಲ್ಲಿ ಮೇಲ್ ಕಳಿಸೋ ಆ ಎಸ್‌ಎಂಟಿಪಿ ಪ್ರೋಗ್ರಾಂ ಕ್ರೂಟ್ ಒಳಗೆ (ಹೊರಗಿನ ಫೈಲ್ ಕಾಣದ ಬೇಲಿಯೊಳಗೆ) ಓಡುತ್ತಿತ್ತು. ಅದಕ್ಕೆ ಕಾಣೋ ಹೋಸ್ಟ್ಸ್, ರೆಸಾಲ್ವ್.ಕಾನ್ಫ್ ಎರಡೂ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಇಟಿಸಿ ಒಳಗಿನ ಪ್ರತಿಗಳು. ನಾನು ಹೊರಗಿನ ಫೈಲ್ ತಿದ್ದಿದ್ದೆ, ಒಳಗೆ ಹಳೇದೇ ಇತ್ತು. ಸರ್ವಿಸ್ ರೀಸ್ಟಾರ್ಟ್ ಮಾಡಿದಾಗ ಪ್ರತಿ ಹೊಸದಾಯ್ತು, ಮೇಲ್ ಹೊರಟಿತು. ಡಿಎನ್‌ಎಸ್ ಸರ್ವರ್ ಬದಲಾಯಿಸಿದಾಗಲೂ ಇದೇ ಕಥೆ, ನೆನಪಿಟ್ಕೊಳ್ಳಿ.

ಬಾಲಂಗೋಚಿ · 13:32

ಈ ಡೀಫಾಲ್ಟ್ ವಿಷಯ ನನಗ ಗೊತ್ತಿರಲಿಲ್ರಿ. ನಮ್ಮಲ್ಲಿ ಎಲ್ಲಾ ಮೇಲ್ ಒಂದೇ ಸರ್ವರ್ ಒಳಗ ಇರ್ತದ, ಸರ್ವರ್‌ನಿಂದ ಸರ್ವರ್‌ಗೆ ಹೋಗೋ ಪ್ರಸಂಗನ ಬಂದಿಲ್ಲ. ಅದಕ್ಕ ತಿಳೀಲಿಲ್ಲ.

ಗೂಡುದೀಪ · 14:05

.ಲೋಕಲ್ ಬೇಡ ಅಂದ್ರೆ ಏನು ಇಡೋದು? 2024ರ ಜುಲೈನಲ್ಲಿ ಡೊಮೇನ್ ಹೆಸರುಗಳನ್ನ ನೋಡ್ಕೊಳ್ಳೋ ಸಂಸ್ಥೆ ಐಕ್ಯಾನ್ .ಇಂಟರ್ನಲ್ ಅನ್ನು ಖಾಸಗಿ ಬಳಕೆಗೆ ಅಂತಲೇ ಮೀಸಲಿಟ್ಟಿತು. ಇನ್ನು ಯಾರೂ ಅದನ್ನ ಸಾರ್ವಜನಿಕವಾಗಿ ಕೊಂಡುಕೊಳ್ಳೋ ಹಾಗಿಲ್ಲ. ಮನೆ ನೆಟ್‌ವರ್ಕ್‌ಗೆ ಹೋಮ್.ಆರ್ಪಾ ಇದೆ, ಅದು 2018ರದ್ದು. ನಾನಂತೂ "ಅಂಚೆ.ಕಚೇರಿ.ಇಂಟರ್ನಲ್" ಅಂತ ಇಡ್ತೀನಿ, ಓದೋಕೂ ಸ್ಪಷ್ಟ.

ತಂತಿಜಾಲ · 14:22

ಸ್ವಂತ ಡೊಮೇನ್ ಇಲ್ಲದವರಿಗೆ .ಇಂಟರ್ನಲ್ ಒಳ್ಳೇದು. ಇವರ ಹತ್ತಿರ ಇದೆಯಲ್ಲ! ಇದ್ದ ಮೇಲೆ ಅದರ ಒಂದು ಕವಲನ್ನ (ಸಬ್‌ಡೊಮೇನ್) ಒಳಗಿನದಕ್ಕೆ ಇಡಬೇಕು. ಒಳಗೆ.ಎಕ್ಸಾಂಪಲ್.ಕಾಮ್ ಅಂತ ಒಂದು ವಲಯ ಮಾಡಿ, ಒಳಗಿನ ಡಿಎನ್‌ಎಸ್‌ನಲ್ಲಿ ಮಾತ್ರ ತುಂಬಿ.

ನನ್ನ ಮುಖ್ಯ ಕಾರಣ ಸರ್ಟಿಫಿಕೇಟ್, ಅಂದ್ರೆ ಸರ್ವರ್ ನಿಜವಾದದ್ದು ಅಂತ ತೋರಿಸುವ ದಾಖಲೆ. ಒಳಗಿನ ಹೆಸರುಗಳಿಗೆ ಸಾರ್ವಜನಿಕ ಪ್ರಾಧಿಕಾರಗಳು ಸರ್ಟಿಫಿಕೇಟ್ ಕೊಡೋದನ್ನ 2015ರ ನವೆಂಬರ್ 1ಕ್ಕೆ ನಿಲ್ಲಿಸಿದ್ವು, ಆಗಲೇ ಕೊಟ್ಟಿದ್ದನ್ನ 2016ರ ಅಕ್ಟೋಬರ್ ಒಳಗೆ ರದ್ದು ಮಾಡಿದ್ವು. .ಇಂಟರ್ನಲ್‌ಗೆ ಸರ್ಟಿಫಿಕೇಟ್ ಬೇಕಾದ್ರೆ ಸ್ವಂತ ಪ್ರಾಧಿಕಾರ ಮಾಡಿ, ಅದರ ಬೇರು ಸರ್ಟಿಫಿಕೇಟನ್ನ 40 ಮಷಿನ್‌ಗೂ, ಫೋನ್‌ಗಳಿಗೂ ಹಾಕಬೇಕು. ನಿಮ್ಮದೇ ಡೊಮೇನ್‌ನ ಕವಲಾದ್ರೆ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ತೋರಿಸಿ ಸರ್ಟಿಫಿಕೇಟ್ ತಗೊಳ್ಳಬಹುದು, ಸರ್ವರ್ ಇಂಟರ್ನೆಟ್‌ಗೆ ತೆರೆದಿರಬೇಕು ಅಂತಲೂ ಇಲ್ಲ. ಡವ್‌ಕಾಟ್‌ಗೆ ಫೋನ್ ಕನೆಕ್ಟ್ ಮಾಡುವಾಗ ಆ ಕೆಂಪು ಎಚ್ಚರಿಕೆ ಬರೋದಿಲ್ಲ.

ಗೂಡುದೀಪ · 14:30

ಆದ್ರೆ ಆ ಸರ್ಟಿಫಿಕೇಟ್‌ಗಳ ಹೆಸರೆಲ್ಲ ಸಾರ್ವಜನಿಕ ಪಾರದರ್ಶಕತಾ ಲಾಗ್‌ಗಳಲ್ಲಿ ಬಂದುಬಿಡುತ್ತೆ. ನಿಮ್ಮ ಒಳಗಿನ ಮಷಿನ್‌ಗಳ ಹೆಸರಿನ ಪಟ್ಟಿ ಜಗತ್ತಿಗೇ ಸಿಗುತ್ತೆ. ಅದು ನನಗೆ ಸರಿ ಅನ್ನಿಸೋದಿಲ್ಲ.

ತಂತಿಜಾಲ · 14:36

ವೈಲ್ಡ್‌ಕಾರ್ಡ್ ತಗೊಳ್ಳಿ, ಅಂದ್ರೆ ಕವಲಿನ ಎಲ್ಲಾ ಹೆಸರಿಗೂ ಒಂದೇ ಸರ್ಟಿಫಿಕೇಟ್. ಲಾಗ್‌ನಲ್ಲಿ ಕವಲಿನ ಹೆಸರು ಒಂದೇ ಕಾಣ್ತದೆ.

ಗೂಡುದೀಪ · 14:39

ಹ್ಞೂಂ, ಅದು ಸರಿ. ಒಪ್ಪಿದೆ.

ಕರಡುಪ್ರತಿ · 15:10

ಯಾವ ಹೆಸರಾದ್ರೂ ಇಡಿ, "ಇದು ಯಾರೂ ಬಳಸದ ಕೊನೆಪದ" ಅಂತ ನೀವೇ ಒಂದನ್ನ ಕಟ್ಟಬೇಡಿ. ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಹಾಗೆ ಕಟ್ಟಿದ್ದರು. ಹೊಸ ಟಾಪ್ ಲೆವೆಲ್ ಡೊಮೇನ್‌ಗಳು ಬಂದಾಗ ಅದೇ ಪದ ನಿಜವಾದ ಡೊಮೇನ್ ಆಯ್ತು. ಒಂದು ದಿನ ಲಾಗ್ ತುಂಬಾ 127.0.53.53. ಏನಿದು ವೈರಸ್ಸಾ ಅಂತ ಗಾಬರಿ. ಹೆಸರು ಡಿಕ್ಕಿ ಹೊಡೀತಿದೆ ಅಂತ ಎಚ್ಚರಿಸೋಕೆ ಐಕ್ಯಾನ್ ಆ ವಿಳಾಸವನ್ನ 90 ದಿನ ಉತ್ತರವಾಗಿ ಕೊಡಿಸ್ತಿತ್ತು. 53 ಅನ್ನೋದು ಡಿಎನ್‌ಎಸ್ ಪೋರ್ಟ್, ಅದಕ್ಕೇ ಆ ಅಂಕಿ. ಮೇಲ್ ಡೊಮೇನ್ ಪೂರ್ತಿ ಬದಲಾಯಿಸೋಕೆ ಎರಡು ತಿಂಗಳು ಹಿಡೀತು.

ಮೂಲೆಸರ್ವರ್ · ಮಂಗಳವಾರ, 9:48

ಎಲ್ಲಾ ಓದಿದೆ, ತುಂಬಾ ಉಪಕಾರ. ರಾತ್ರಿ ಕೂತು ಮಾಡಿದ್ದು ಇದು. ಹೆಸರು ಅಂಚೆ.ಒಳಗೆ.ಎಕ್ಸಾಂಪಲ್.ಕಾಮ್. ರೂಟರ್ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಡಿಎನ್‌ಎಸ್‌ಮಾಸ್ಕ್ (ಪುಟ್ಟ ಡಿಎನ್‌ಎಸ್ ಸರ್ವರ್) ಹಾಕಿ, "ಹೋಸ್ಟ್-ರೆಕಾರ್ಡ್" ಅಂತ ಒಂದೇ ಸಾಲು ಬರೆದೆ. ಹೆಸರಿಂದ ಐಪಿ, ಐಪಿಯಿಂದ ಹೆಸರು ಎರಡೂ ಸಿಗ್ತಿದೆ. ಲಿನಕ್ಸ್ ಲ್ಯಾಪ್‌ಟಾಪ್‌ಗಳೆಲ್ಲ ಸರಿಹೋದವು. ಹೆಲೋ ಹೆಸರನ್ನ ಬೇರೆ ಕೊಟ್ಟೆ, 450 ನಿಂತಿತು.

ಆದ್ರೆ ಹೊಸದೊಂದು ಶುರುವಾಗಿದೆ. ವರದಿಗಳನ್ನೆಲ್ಲ ಇಟ್ಕೊಳ್ಳೋಕೆ ಅಂತ "ಕಡತ" ಅನ್ನೋ ಎರಡನೇ ಮೇಲ್ ಸರ್ವರ್ ಇದೆ. ಅದಕ್ಕೆ ಕಳಿಸಿದ್ರೆ "ಮೇಲ್ ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್" ಅಂತ ವಾಪಸ್. ಅದು ಬೇರೆ ಮಷಿನ್, ಬೇರೆ ಐಪಿ. ನನಗೇ ಹೇಗೆ ಸುತ್ತಿ ಬರುತ್ತೆ?

ಹಳೆಟರ್ಮಿನಲ್ · 9:55

ಆ ಎರಡನೇದನ್ನ ಮೊದಲನೇದರಿಂದ ನಕಲು ಮಾಡಿದ್ರಾ?

ಮೂಲೆಸರ್ವರ್ · 9:57

ಹೌದು, ವರ್ಚುವಲ್ ಮಷಿನ್ ಕ್ಲೋನ್. ಆಮೇಲೆ ಹೋಸ್ಟ್‌ನೇಮ್‌ಸಿಟಿಎಲ್‌ನಲ್ಲಿ ಹೆಸರು ಬದಲಾಯಿಸಿದ್ದೀನಿ. ಮೇನ್.ಸಿಎಫ್ ಮಾತ್ರ ಎರಡಕ್ಕೂ ಒಂದೇ ಇರಲಿ ಅಂತ ನಿನ್ನೆ ಇಲ್ಲಿಂದ ಅಲ್ಲಿಗೆ ಹಾಗೇ ಕಾಪಿ ಮಾಡಿದೆ.

ಹಳೆಟರ್ಮಿನಲ್ · 10:12

ಅಲ್ಲೇ ಇರೋದು. ಹೋಸ್ಟ್‌ನೇಮ್‌ಸಿಟಿಎಲ್ ಮಷಿನ್‌ನ ಹೆಸರು ಬದಲಾಯಿಸುತ್ತೆ. ಮೇನ್.ಸಿಎಫ್‌ನಲ್ಲಿ ಮೈಹೋಸ್ಟ್‌ನೇಮ್ ಅಂತ ಕೈಯಾರೆ ಬರೆದಿದ್ರೆ ಪೋಸ್ಟ್‌ಫಿಕ್ಸ್ ಮಷಿನ್‌ನ ಹೆಸರನ್ನ ಕೇಳೋದೇ ಇಲ್ಲ. ಹಾಗಾಗಿ "ಕಡತ"ದ ಪೋಸ್ಟ್‌ಫಿಕ್ಸ್ ಈಗಲೂ ತನ್ನನ್ನ "ಅಂಚೆ" ಅಂತಲೇ ಕರ್ಕೊಳ್ತಿದೆ. ಮೊದಲನೇ ಸರ್ವರ್ ಹೋಗಿ ಬಾಗಿಲು ತಟ್ಟಿದಾಗ ಆ ಕಡೆಯಿಂದ "220 ಅಂಚೆ.ಒಳಗೆ.ಎಕ್ಸಾಂಪಲ್.ಕಾಮ್" ಅಂತ ಉತ್ತರ ಬರುತ್ತೆ. ನನ್ನ ಹೆಸರನ್ನೇ ಹೇಳ್ತಿದ್ದಾನೆ, ಅಂದ್ರೆ ಇವನು ನಾನೇ, ಮೇಲ್ ಸುತ್ತು ಹೊಡೀತಿದೆ ಅಂತ ತೀರ್ಮಾನಿಸಿ ವಾಪಸ್ ಕಳಿಸುತ್ತೆ. ಲಾಗ್‌ನಲ್ಲಿ ಸ್ವಲ್ಪ ಮೇಲೆ ನೋಡಿ, "ಗ್ರೀಟೆಡ್ ಮಿ ವಿತ್ ಮೈ ಓನ್ ಹೋಸ್ಟ್‌ನೇಮ್" ಅಥವಾ ಅದೇ ಧಾಟಿಯ ಎಚ್ಚರಿಕೆ ಇರಲೇಬೇಕು.

ಪೋಸ್ಟ್‌ಫಿಕ್ಸ್ ಇಷ್ಟು ಕಟ್ಟುನಿಟ್ಟಾಗಿರೋದು ನನಗೆ ಇಷ್ಟ. ಈ ಕಾವಲು ಇಲ್ಲದಿದ್ರೆ ಒಂದೇ ಮೇಲ್ ಹತ್ತಾರು ಸಲ ಗಿರಕಿ ಹೊಡೆದು, ಹಾಪ್ ಮಿತಿ (ಎಷ್ಟು ಸರ್ವರ್ ದಾಟಬಹುದು ಅನ್ನೋ ಲೆಕ್ಕ) ಮುಟ್ಟಿದ ಮೇಲಷ್ಟೇ ನಿಲ್ಲೋದು.

ಮೂಲೆಸರ್ವರ್ · 10:20

ಇತ್ತು! ಅದೇ ಸಾಲು, ನಾಲ್ಕು ಸಾಲು ಮೇಲೆ. ನಾನು ಕೊನೇ ಸಾಲು ಮಾತ್ರ ಓದ್ತಿದ್ದೆ. ಹೆಸರು ಬದಲಾಯಿಸಿ ರೀಲೋಡ್ ಕೊಟ್ಟೆ, ಸರದಿಯಲ್ಲಿ ಇದ್ದ 60 ಮೇಲ್ ಒಂದೇ ಸಲಕ್ಕೆ ಹೋಯ್ತು.

ಕರಡುಪ್ರತಿ · 10:41

ಮೇಲ್ ಸರ್ವರನ್ನ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಓಡಿಸೋ ಪ್ರತ್ಯೇಕ ಡಬ್ಬ) ಇಟ್ಟವರಿಗೆ ಇದರ ತದ್ವಿರುದ್ಧ ತೊಂದರೆ. ಹೆಸರು ಕೊಡದಿದ್ರೆ ಕಂಟೇನರ್‌ಗೆ 12 ಅಕ್ಷರದ ಅರ್ಥವಿಲ್ಲದ ಹೆಸರು ಬರುತ್ತೆ. ಪ್ರತಿ ಸಲ ಹೊಸದಾಗಿ ಕಟ್ಟಿದಾಗ ಅದೂ ಬದಲಾಗುತ್ತೆ. ಅದಕ್ಕೆ ಪೋಸ್ಟ್‌ಫಿಕ್ಸ್ ತಾನೇ "ಲೋಕಲ್‌ಡೊಮೇನ್" ಅಂತ ಬಾಲ ಸೇರಿಸಿ ಹೆಲೋ ಹೇಳುತ್ತೆ. ಲಾಗ್ ಹುಡುಕೋದೇ ಕಷ್ಟ, ನಿನ್ನೆಯ ಸರ್ವರ್ ಇವತ್ತಿನ ಸರ್ವರ್ ಒಂದೇನಾ ಅಂತ ಗೊತ್ತಾಗಲ್ಲ. ಕಂಟೇನರ್ ಎಬ್ಬಿಸುವಾಗಲೇ ಹೋಸ್ಟ್‌ನೇಮ್ ಕೊಡಿ.

ನೀಲಿಶಾಯಿ · 11:15

ಮಧ್ಯೆ ಬಂದು ಕೇಳ್ತಿದ್ದೀನಿ, ಬೇಜಾರಾಗಬೇಡಿ. ಇಲ್ಲಿ ಎಲ್ಲರೂ "ಅಂಚೆ", "ಒಳಗೆ" ಅಂತ ಬರೀತಿದ್ದೀರಿ. ಹೋಸ್ಟ್‌ನೇಮನ್ನ ನಿಜವಾಗಲೂ ಕನ್ನಡ ಲಿಪಿಯಲ್ಲೇ ಇಡಬಹುದಾ? ಇಟ್ರೆ ಎಷ್ಟು ಚೆನ್ನಾಗಿರುತ್ತೆ. ಇನ್ನೊಂದು, ನನ್ನ ಮಷಿನ್ "ಮೇಲ್_ಸರ್ವರ್" ಅಂತ ಇದೆ, ಪೋಸ್ಟ್‌ಫಿಕ್ಸ್ ಪದೇ ಪದೇ "ಇನ್‌ವ್ಯಾಲಿಡ್ ಕ್ಯಾರೆಕ್ಟರ್ 95" ಅಂತ ಗೊಣಗುತ್ತೆ. 95 ಅಂದ್ರೆ ಏನು?

ರಾತ್ರಿಪಾಳಿ · 11:34

95 ಅಂದ್ರೆ ಆಸ್ಕಿಯಲ್ಲಿ (ಅಕ್ಷರಗಳಿಗೆ ಕೊಟ್ಟಿರೋ ಸಂಖ್ಯೆಗಳ ಪಟ್ಟಿ) ಅಂಡರ್‌ಸ್ಕೋರ್. ಹೋಸ್ಟ್‌ನೇಮ್‌ನಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ ನಡೆಯುತ್ತೆ, 1985ರ ಆರ್‌ಎಫ್‌ಸಿ 952ರಿಂದ ಇರೋ ಕಟ್ಟಳೆ. "ಮೇಲ್-ಸರ್ವರ್" ಅಂತ ಮಾಡಿ, ಗೊಣಗಾಟ ನಿಲ್ಲುತ್ತೆ.

ಕನ್ನಡ ಲಿಪಿ ಇಡಬಹುದು, ಆದ್ರೆ ತಂತಿ ಮೇಲೆ ಹೋಗೋದು ಪ್ಯುನಿಕೋಡ್ ರೂಪ, "ಎಕ್ಸ್‌ಎನ್" ಆದ ಮೇಲೆ ಎರಡು ಅಡ್ಡಗೆರೆ, ಆಮೇಲೆ ಒಂದು ಲ್ಯಾಟಿನ್ ಅಕ್ಷರಗಳ ಸಾಲು. ಮೇಲ್ ವಿಳಾಸದಲ್ಲಿ "@" ಎಡಗಡೆಯೂ ಕನ್ನಡ ಬೇಕು ಅಂದ್ರೆ ಎಸ್‌ಎಂಟಿಪಿ-ಯುಟಿಎಫ್8 ಅನ್ನೋ ವಿಸ್ತರಣೆ ಇದೆ, 2012ರ ಆರ್‌ಎಫ್‌ಸಿ 6531. ಪೋಸ್ಟ್‌ಫಿಕ್ಸ್‌ಗೆ ಅದು 3.0ರಲ್ಲಿ ಬಂತು. ಆದ್ರೆ ಹೆಲೋ ಹೇಳೋ ಹೊತ್ತಿಗೆ ಆ ಕಡೆ ಸರ್ವರ್‌ಗೆ ಅದು ಗೊತ್ತಾ ಇಲ್ವಾ ಅಂತ ನಮಗೇ ಗೊತ್ತಿರಲ್ಲ, ಹಾಗಾಗಿ ಹೆಲೋದಲ್ಲಿ ಪ್ಯುನಿಕೋಡೇ ಹೇಳಬೇಕು.

ನೀಲಿಶಾಯಿ · 11:37

ಅರ್ಧ ಖುಷಿ, ಅರ್ಧ ಬೇಜಾರು. ಆದ್ರೂ ಮನೆಯ ಸರ್ವರ್‌ನಲ್ಲಿ ಇಟ್ಟು ನೋಡೇ ನೋಡ್ತೀನಿ.

ಮೂಲೆಸರ್ವರ್ · 15:02

ಇನ್ನೊಂದು ಸಲ ನಾನೇ. ಮಧ್ಯಾಹ್ನ ಭದ್ರತೆಗೆ ಅಂತ ಹೆಲೋ ನಿರ್ಬಂಧಗಳನ್ನ ಬಿಗಿ ಮಾಡಿದೆ, ಪೂರ್ತಿ ಹೆಸರು ಹೇಳದವರನ್ನ ಒಳಗೆ ಬಿಡಬೇಡ ಅಂತ. ಮೂರೂ ಸ್ಕ್ಯಾನರ್ ನಿಂತುಹೋದವು. ಅವು ಹೆಲೋದಲ್ಲಿ ಬರೀ "ಸ್ಕ್ಯಾನರ್" ಅಂತ ಹೇಳ್ತವೆ, ಬದಲಾಯಿಸೋಕೆ ಜಾಗವೇ ಇಲ್ಲ.

ಗೂಡುದೀಪ · 15:09

ಹೆಲೋ ನೋಡಿ ತಿರಸ್ಕರಿಸೋದೇ ತಪ್ಪು. ಮೇಲ್ ಸಾಗಿಸೋ ಎಸ್‌ಎಂಟಿಪಿಯ ಆರ್‌ಎಫ್‌ಸಿ 5321ರಲ್ಲಿ ಮಾಡಬಾರದು ಅಂತ ಸ್ಪಷ್ಟವಾಗಿ ಇದೆ.

ರಾತ್ರಿಪಾಳಿ · 15:18

ಪೂರ್ತಿ ಓದಿ ಗೂಡುದೀಪ ಅವರೇ. ಅಲ್ಲಿ ಹೇಳಿರೋದು ಬೇರೆ: ಹೆಲೋದಲ್ಲಿ ಹೇಳಿದ ಹೆಸರು ಕ್ಲೈಂಟ್‌ನ ಐಪಿಗೆ ಹೊಂದುತ್ತಾ ಅಂತ ನೋಡಬಹುದು, ಹೊಂದಲಿಲ್ಲ ಅನ್ನೋ ಕಾರಣಕ್ಕೆ ಮೇಲ್ ನಿರಾಕರಿಸಬಾರದು. ಗಿಡ್ಡ ಹೆಸರು ಹೇಳೋದು ಅದೇ ಆರ್‌ಎಫ್‌ಸಿ ಪ್ರಕಾರವೇ ತಪ್ಪು. ಪೂರ್ತಿ ಹೆಸರು ಹೇಳಬೇಕು, ಇಲ್ಲದಿದ್ರೆ ಚೌಕ ಕಂಸದೊಳಗೆ ಐಪಿ ಹೇಳಬೇಕು.

ಗೂಡುದೀಪ · 15:24

ಸರಿ, ಎರಡನ್ನೂ ಬೆರೆಸಿ ಹೇಳಿದೆ. ಆದ್ರೂ ಒಳಗಿನ ನೆಟ್‌ವರ್ಕ್‌ನಲ್ಲಿ ಈ ಪರೀಕ್ಷೆಯಿಂದ ಏನು ಲಾಭ? ಸ್ಕ್ಯಾನರ್ ಸ್ಪಾಮ್ ಕಳಿಸುತ್ತಾ?

ರಾತ್ರಿಪಾಳಿ · 15:31

ಅದಕ್ಕೇ ಕ್ರಮ ಮುಖ್ಯ. ನಿರ್ಬಂಧಗಳ ಪಟ್ಟಿಯನ್ನ ಮೇಲಿಂದ ಕೆಳಗೆ ಓದ್ತಾರೆ, ಮೊದಲು ಸಿಕ್ಕ ತೀರ್ಪೇ ಕೊನೆ. "ಪರ್ಮಿಟ್_ಮೈನೆಟ್‌ವರ್ಕ್ಸ್" ಮೊದಲು ಬರಲಿ, ಆಮೇಲೆ ಉಳಿದವು. ನಂಬೋ ಮಷಿನ್‌ಗಳ ಪಟ್ಟಿಯಾದ ಮೈನೆಟ್‌ವರ್ಕ್ಸ್‌ನಲ್ಲಿ 127.0.0.0/8, 192.168.10.0/24 ಅಂತ ಎರಡನ್ನೂ ಕೈಯಾರೆ ಬರೀಬೇಕು. ಪೋಸ್ಟ್‌ಫಿಕ್ಸ್‌ನ ಹೊಸ ಹೊಂದಾಣಿಕೆ ಮಟ್ಟದಲ್ಲಿ (ಕಂಪಾಟಿಬಿಲಿಟಿ ಲೆವೆಲ್) ಅದರ ಡೀಫಾಲ್ಟ್ ಆ ಮಷಿನ್ ಒಂದೇ, ಇಡೀ ಸಬ್‌ನೆಟ್ ಅಲ್ಲ.

ಬಾಲಂಗೋಚಿ · 15:50

ಸ್ಕ್ಯಾನರ್ ಮಾತು ಬಂತಲ್ಲ, ನಮ್ಮದೊಂದು ಹೇಳ್ತೇನಿ. ನಮ್ಮ ಸ್ಕ್ಯಾನರ್ ದಿನಾ "ಟೈಮ್ಔಟ್" ಅಂತಿತ್ತು. ಕೇಬಲ್ ಬದಲಿ ಮಾಡಿದ್ವಿ, ಸ್ವಿಚ್ ಬದಲಿ ಮಾಡಿದ್ವಿ. ಕಡೀಕ ತಿಳೀತು, ಪೋಸ್ಟ್‌ಫಿಕ್ಸ್ ಯಾರು ಬಂದ್ರೂ ಅವರ ಐಪಿಯಿಂದ ಹೆಸರು ಹುಡುಕ್ತದ. 192.168ಕ್ಕ ಉತ್ತರ ಕೊಡೋರು ನಮ್ಮಲ್ಲಿ ಯಾರೂ ಇರಲಿಲ್ಲ, ಹೊರಗಿನ ಡಿಎನ್‌ಎಸ್ ಕಡೆ ಹೋಗಿ ಕಾಯ್ತಿತ್ತು. ಅಷ್ಟೊತ್ತಿಗೆ ಸ್ಕ್ಯಾನರ್‌ಗೆ ಬ್ಯಾಸರ ಬಂದು ಫೋನ್ ಇಟ್ಟುಬಿಡ್ತಿತ್ತು. ನಾವು ಎಸ್‌ಎಂಟಿಪಿಡಿ_ಪೀರ್‌ನೇಮ್_ಲುಕಪ್ ಆಫ್ ಮಾಡಿದ್ವಿ, ಆವತ್ತಿಂದ ತಂಪು.

ಎರಡನೇಸಾಲು · 15:58

ಆಫ್ ಮಾಡಿದ್ರೆ ಲಾಗ್‌ನಲ್ಲಿ ಎಲ್ಲರೂ "ಅನ್‌ನೋನ್" ಆಗ್ತಾರೆ ಬಾಲಂಗೋಚಿಯವರೇ. ಒಳಗಿನ ಡಿಎನ್‌ಎಸ್‌ನಲ್ಲಿ ಹಿಮ್ಮುಖ ದಾಖಲೆ ಇಟ್ರೆ ವೇಗವೂ ಇರುತ್ತೆ, ಯಾರು ಕಳಿಸಿದ್ದು ಅಂತ ಹೆಸರೂ ಇರುತ್ತೆ.

ಬಾಲಂಗೋಚಿ · 16:03

ಈ ಸಲ ನಾನೂ ಡಿಎನ್‌ಎಸ್ ಹಾಕೇ ಬಿಡ್ತೇನ್ರಿ. ಎರಡು ದಿನದಿಂದ ಎಲ್ಲಾರೂ ಅದನ್ನ ಹೇಳಾಕತ್ತೀರಿ. ಹೆಸರೂ .ಲೋಕಲ್ ಬಿಟ್ಟು ಬೇರೆ ಇಡ್ತೇನಿ, ಮುಂದಿನ ತಿಂಗಳು.

ಮೂಲೆಸರ್ವರ್ · 17:26

ಸ್ಕ್ಯಾನರ್‌ಗಳು ಓಡ್ತಿವೆ. ಮುಂದೆ ಹುಡುಕಿ ಬರೋವ್ರಿಗೆ ಸಿಗಲಿ ಅಂತ ಈಗಿರೋ ಸ್ಥಿತಿ ಹಾಕ್ತಿದ್ದೀನಿ:

ಮೈಹೋಸ್ಟ್‌ನೇಮ್ = ಅಂಚೆ.ಒಳಗೆ.ಎಕ್ಸಾಂಪಲ್.ಕಾಮ್
ಮೈಡೊಮೇನ್ ಬರೆದಿಲ್ಲ, ಮೊದಲ ತುಂಡು ತೆಗೆದು ತಾನೇ "ಒಳಗೆ.ಎಕ್ಸಾಂಪಲ್.ಕಾಮ್" ಅಂತ ತಗೊಳ್ಳುತ್ತೆ
ಮೈಆರಿಜಿನ್ = ಮೈಡೊಮೇನ್
ಮೈಡೆಸ್ಟಿನೇಶನ್ = ಮೈಹೋಸ್ಟ್‌ನೇಮ್, ಮೈಡೊಮೇನ್, ಲೋಕಲ್‌ಹೋಸ್ಟ್
ಎಸ್‌ಎಂಟಿಪಿ_ಹೆಲೋ_ನೇಮ್ = ಆಫೀಸ್.ಎಕ್ಸಾಂಪಲ್.ಕಾಮ್

ಬಲಗಡೆ ಬರೋ ಸೆಟ್ಟಿಂಗ್ ಹೆಸರುಗಳ ಮುಂದೆ ಡಾಲರ್ ಚಿಹ್ನೆ ನೀವು ಹಾಕ್ಕೊಳ್ಳಿ. ಒಂದೇ ಒಂದು ಬಾಕಿ: ಯುಪಿಎಸ್ ಎಚ್ಚರಿಕೆ ಹೊರಗೆ ಹೋಗುವಾಗ ಕಳಿಸಿದವರ ವಿಳಾಸ "ಯುಪಿಎಸ್@ಒಳಗೆ.ಎಕ್ಸಾಂಪಲ್.ಕಾಮ್" ಅಂತ ಇದೆ. ಆ ಡೊಮೇನ್ ಹೊರಗೆ ಇಲ್ಲ ಅಂತ ಮ್ಯಾನೇಜರ್ ಕಡೆ ಸರ್ವರ್ ತಳ್ಳಿಬಿಟ್ಟಿದೆ.

ತಂತಿಜಾಲ · 17:40

ಎಸ್‌ಎಂಟಿಪಿ_ಜನೆರಿಕ್_ಮ್ಯಾಪ್ಸ್ ನೋಡಿ. ಎಡಕ್ಕೆ "@ಒಳಗೆ.ಎಕ್ಸಾಂಪಲ್.ಕಾಮ್", ಬಲಕ್ಕೆ ಹೊರಗೆ ನಿಜವಾಗಿ ಇರುವ ಒಂದು ವಿಳಾಸ. ಎಸ್‌ಎಂಟಿಪಿ ಮೂಲಕ ಬೇರೆ ಸರ್ವರ್‌ಗೆ ಹೋಗುವ ಮೇಲ್‌ಗೆ ಮಾತ್ರ ಇದು ತಾಗ್ತದೆ, ಇದೇ ಸರ್ವರ್‌ನಲ್ಲಿ ಉಳಿಯುವ ಮೇಲ್ ಹಾಗೇ ಇರ್ತದೆ. ಆದ್ರೆ "ಕಡತ"ಕ್ಕೆ ಹೋಗುವುದೂ ಎಸ್‌ಎಂಟಿಪಿಯಲ್ಲೇ ಅಲ್ವಾ, ಅಲ್ಲಿಯೂ ವಿಳಾಸ ಬದಲಾಗ್ತದೆ. ಬೇಡ ಅಂದ್ರೆ ಮಾಸ್ಟರ್.ಸಿಎಫ್ ಅನ್ನುವ ಇನ್ನೊಂದು ಸೆಟ್ಟಿಂಗ್ ಫೈಲ್‌ನಲ್ಲಿ ಹೊರಗಿನ ರಿಲೇಗೆ ಅಂತ ಬೇರೆ ಎಸ್‌ಎಂಟಿಪಿ ಸಾಲು ಮಾಡಿ, ಮ್ಯಾಪನ್ನ ಅದಕ್ಕೆ ಮಾತ್ರ ಕಟ್ಟಿ.

ಮೂಲೆಸರ್ವರ್ · 18:31

ಬೇರೆ ಸಾಲು ಮಾಡಿದೆ. ಯುಪಿಎಸ್‌ನ ಪ್ಲಗ್ ತೆಗೆದು ಪರೀಕ್ಷೆ ಮಾಡಿದೆ. ಮ್ಯಾನೇಜರ್ ಫೋನ್ ಮಾಡಿ "ಕರೆಂಟ್ ಹೋಗಿದೆಯಂತೆ, ಏನಾಯ್ತು?" ಅಂತ ಕೇಳಿದರು.